ಮೊಳೆ ಇಲ್ಲದ ಪೆಟ್ಟಿಗೆ

ನನ್ನ ತಂಗಿಗೆಂದು ಮಾಡಿದ ಪೆಟ್ಟಿಗೆಯನ್ನು ನಾನು ಅವಳಿಗೆ ಕೊಡಲಿಲ್ಲ. ಮಾಡಲು ಆಗಲಿಲ್ಲ ಎಂದಲ್ಲ. ಮಾಡಿದೆ, ಚೀಲದಲ್ಲಿ ಇಟ್ಟುಕೊಂಡು ಅವಳ ಗಂಡನ ಮನೆಯವರೆಗೂ ಒಯ್ದೆ. ಅಲ್ಲಿ ಅವಳ ಮನೆಯವರೆಲ್ಲರ ಎದುರು ‘ಇನ್ನೂ ಆಗಿಲ್ಲ’ ಎಂದು ಹೇಳಿ ತಿರುಗಿ ತಂದೆ. ಪೆಟ್ಟಿಗೆ ಚಿಕ್ಕದು, ಎರಡು ಅಂಗೈ ಕೂಡಿಸಿದಷ್ಟು. ಅದನ್ನು ಕೊಡದೆ ಇದ್ದುದರಿಂದ ನನ್ನ ತಂಗಿಯ ಪಾಲಿಗೆ ಏನು ಕಳೆದುಹೋಯಿತು ಎಂಬುದು ನನಗೆ ತಿಳಿಯಲು ಹನ್ನೊಂದು ವರ್ಷ ಬೇಕಾಯಿತು.

ನಾವು ಯಾದಗಿರಿ ಕಡೆಯವರು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ನನಗೆ ಒಂಬತ್ತು ವರ್ಷ, ತಂಗಿಗೆ ನಾಲ್ಕು. ಊರಿನ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತ ಕನ್ನಡವೇ ನನ್ನ ಓದು. ತಂಗಿ ಇಲ್ಲಿಯ ಮರಾಠಿ ಶಾಲೆಯಲ್ಲಿ ಏಳನೆಯವರೆಗೆ ಓದಿದಳು. ಅಪ್ಪ ತೀರಿಹೋದ ಮೇಲೆ ಪುಣೆಯ ಕೊಂಢವಾ ಭಾಗದ ಒಂದೇ ಕೋಣೆಯಲ್ಲಿ ಅವ್ವ, ನಾನು, ತಂಗಿ ಮೂವರೇ ಉಳಿದೆವು. ಅವಳಿಗೆ ಅಣ್ಣನೂ ನಾನೇ, ಅಪ್ಪನೂ ನಾನೇ ಎಂದು ಅವ್ವ ಎಲ್ಲರೆದುರು ಹೇಳುತ್ತಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ.

ನಾನು ಕುರ್ಚಿ ಮೇಜು ಮಾಡುವ ಒಂದು ಕಾರಖಾನೆಯಲ್ಲಿ ಬ್ಯಾಂಡ್‌ಸಾ ಮಶೀನಿನ ಮೇಲಿದ್ದೆ. ಎರಡು ಚಕ್ರ, ಅವುಗಳ ಮೇಲೆ ನಿಲ್ಲದೆ ಸುತ್ತುವ ಕಿರುಬೆರಳ ಅಗಲದ ಹಲ್ಲಿನ ಪಟ್ಟಿ. ಮರವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಪಟ್ಟಿ ಹೇಳಿದಂತೆ ಬಾಗಿ ಕೊರೆಯುತ್ತದೆ. ಕುರ್ಚಿಯ ತೋಳು, ಬಾಗಿದ ಕಾಲು, ಇವು ನನ್ನ ಕೆಲಸ. ನಮ್ಮ ಮೇಸ್ತ್ರಿ ಮರಾಠಿಯವರು. ಒಮ್ಮೆ ಅವರು ಉಳಿದ ಮರದ ತುಂಡಿನಲ್ಲಿ ತಮ್ಮ ಕನ್ನಡಕ ಇಡಲು ಒಂದು ಪೆಟ್ಟಿಗೆ ಮಾಡಿಕೊಂಡಿದ್ದರು. ಹಲಗೆ ಜೋಡಿಸಿದ್ದಲ್ಲ. ಒಂದೇ ತುಂಡಿನ ಹೊಟ್ಟೆಯನ್ನು ಕೊರೆದು ತೆಗೆದು, ಆ ಹೊಟ್ಟೆಯನ್ನೇ ಎಳೆದು ಮುಚ್ಚುವ ಖಾನೆ ಮಾಡಿ ಮತ್ತೆ ಒಳಗೆ ಸೇರಿಸಿದ್ದು. ಖಾನೆ ಮುಚ್ಚಿದಾಗ ಮರದ ಗೆರೆಗಳು ಎಲ್ಲಿಯೂ ತುಂಡಾಗದೆ ಈ ಕಡೆಯಿಂದ ಆ ಕಡೆಗೆ ಹರಿದಿರುತ್ತಿದ್ದವು.

ಮಧ್ಯಾಹ್ನದ ಬುತ್ತಿ ತರುತ್ತಿದ್ದ ತಂಗಿ ಅದನ್ನು ನೋಡಿದಳು. ಮೇಸ್ತ್ರಿಯನ್ನು ಕೇಳಿ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಅಣ್ಣಾ, ಇದಕ್ಕ ಮೊಳಿ ಎಲ್ಲಿ ಬಡದಾರ?”

“ಮೊಳಿ ಇಲ್ಲ.”

“ಮತ್ತ ಕೂಡ್ಸಿದ್ದು ಹ್ಯಾಂಗ?”

“ಕೂಡ್ಸಿಲ್ಲ. ಎಲ್ಲಾ ಒಂದ ಮರ.”

“ಹೌದಾ! ನನಗೂ ಒಂದು ಮಾಡಿ ಕೊಡ.”

“ಲಗ್ನ ಆಗು, ಮಾಡಿ ಕೊಡ್ತೀನಿ.”

“ಅಂದ್ರ ಪೆಟ್ಟಿಗಿ ಕೈಯಾಗ ಕೊಟ್ಟು ಮನಿಯಿಂದ ಹೊರಗ ಹಾಕಾಂವ ನೀ,” ಎಂದು ನಕ್ಕಳು.

ಅವಳಿಗೆ ಪುಣೆಯ ಹತ್ತಿರದ ಭೋರ್‌ನಲ್ಲಿ ಸಂಬಂಧ ಕೂಡಿಬಂತು. ಅವರೂ ನಮ್ಮವರೇ, ಆದರೆ ಎರಡು ತಲೆಮಾರಿನಿಂದ ಮನೆಯಲ್ಲಿ ಮರಾಠಿಯನ್ನೇ ಆಡುತ್ತಿದ್ದರು. ಬಜಾರಿನಲ್ಲಿ ಚುರುಮುರಿ, ಪುಟಾಣಿಯ ಅಂಗಡಿ, ಹಿಂದೆಯೇ ಮನೆ. ಮನೆಯಲ್ಲಿ ಅವಳ ಅತ್ತೆ, ಗಂಡ ಮತ್ತು ಇನ್ನೂ ಲಗ್ನವಾಗದ ನಾದಿನಿ. ಲಗ್ನದ ಗಡಿಬಿಡಿಯಲ್ಲಿ ಪೆಟ್ಟಿಗೆ ಮಾಡಲಾಗಲಿಲ್ಲ. ದೀಪಾವಳಿಯ ಭಾವುಬೀಜಕ್ಕೆ ತರುತ್ತೇನೆ ಎಂದು ಮಾತು ಕೊಟ್ಟೆ. ಅದು ಅವಳ ಮೊದಲ ಭಾವುಬೀಜ.

ಭಾವುಬೀಜ ನಮ್ಮ ಹಬ್ಬವಲ್ಲ. ನಮ್ಮಲ್ಲಿ ಅಣ್ಣ ತಂಗಿಯ ಹಬ್ಬವೆಂದರೆ ಪಂಚಮಿ. ತಂಗಿಯನ್ನು ತವರಿಗೆ ಕರೆತಂದು, ಉಂಡಿ ತಿನಿಸಿ, ಜೋಕಾಲಿ ಆಡಿಸಿ, ಹೊರಡುವಾಗ ಕೊಡುವುದನ್ನು ಬಾಗಿಲ ಬಳಿ ಉಡಿಯಲ್ಲಿ ಹಾಕಿ ಕಳಿಸುತ್ತೇವೆ. ಕೊಡುವುದು ಕೊಟ್ಟವರನ್ನೂ ಪಡೆದವರನ್ನೂ ಬಿಟ್ಟರೆ ಬೇರೆಯವರಿಗೆ ಕಾಣುವುದಿಲ್ಲ. ಭಾವುಬೀಜದ ದಿನ ಅಣ್ಣನೇ ತಂಗಿಯ ಮನೆಗೆ ಹೋಗಬೇಕು ಎಂಬುದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಹೋಗಿ ಏನು ಮಾಡುತ್ತಾರೆ ಎಂದು ನಾನು ಯಾರನ್ನೂ ಕೇಳಲಿಲ್ಲ.

ಮೊದಲನೆಯ ತುಂಡು ಹಾಳಾಯಿತು. ಚಿತ್ರ ಬರೆದುಕೊಂಡು ಸೀದಾ ಹೊಟ್ಟೆಯನ್ನು ಕೊರೆದೆ, ಅದರ ನಡುವನ್ನೂ ತೋಡಿಬಿಟ್ಟೆ. ಖಾನೆಗೆ ಮುಂದಿನ ಮುಖವನ್ನು ಎಲ್ಲಿಂದ ತರುವುದು ಎಂದು ಆಮೇಲೆ ಯೋಚನೆ ಬಂತು. ಮೇಸ್ತ್ರಿ ಅದನ್ನು ಬಳೆಯ ಹಾಗೆ ಮುಂಗೈಗೆ ಹಾಕಿಕೊಂಡು ಎಲ್ಲರಿಗೂ ತೋರಿಸುತ್ತ ತಿರುಗಿದರು.

“ಅರೆ ಕಾನಡ್ಯಾ, ಆಧೀ ಪಾಠ, ಮಗ್ ಪೋಟ,” ಎಂದರು. ಮೊದಲು ಬೆನ್ನು, ಆಮೇಲೆ ಹೊಟ್ಟೆ. ಅಂದರೆ ತುಂಡಿನ ಹಿಂಭಾಗದಿಂದ ತೆಳ್ಳನೆಯ ಒಂದು ಹೋಳನ್ನು ಮೊದಲು ಸೀಳಿ ತೆಗೆದಿಡಬೇಕು. ಆಮೇಲೆ ಒಂದು ಬದಿಯಿಂದ ಪಟ್ಟಿಯನ್ನು ಒಳಬಿಟ್ಟು ಹೊಟ್ಟೆಯನ್ನು ಸುತ್ತಿ ತೆಗೆಯಬೇಕು. ಆ ಹೊಟ್ಟೆಗೂ ಮುಂದಿನದು ಹಿಂದಿನದು ಎರಡು ಹೋಳು ಸೀಳಿಟ್ಟು, ಉಳಿದ ನಡುವನ್ನು ತೋಡಬೇಕು. ಕೊನೆಗೆ ಸೀಳಿದ್ದನ್ನೆಲ್ಲ ಅದರದರ ಜಾಗಕ್ಕೆ ಸರೇಸು ಹಚ್ಚಿ ಅಂಟಿಸಬೇಕು.

ಎರಡನೆಯ ತುಂಡನ್ನು ಮೇಸ್ತ್ರಿಯೇ ಕೊಟ್ಟರು. ಪೇಟೆಯ ಒಂದು ಹಳೆಯ ವಾಡೆಯನ್ನು ಕೆಡವಿದಾಗ ಬಂದ ಸಾಗವಾನಿ ತೊಲೆಯ ಕೊನೆ. ಊಟದ ಬಿಡುವಿನಲ್ಲಿ ಬೇಗ ಬೇಗ ರೊಟ್ಟಿ ತಿಂದು ದಿನಾ ಸ್ವಲ್ಪ ಸ್ವಲ್ಪ ಮಾಡಿದೆ. ಬೆನ್ನು ಸರಿಯಾಗಿ ಬಂತು. ಹೊಟ್ಟೆಯನ್ನು ಸುತ್ತುವಾಗ ಖಾನೆಯ ಮೇಲ್ಗಡೆ ಟಣ್ ಎಂದಿತು, ಕಿಡಿ ಹಾರಿತು. ಮರದೊಳಗೆ ವಾಡೆಯ ಕಾಲದ ಮೊಳೆಯ ತುದಿ ಮುರಿದು ಉಳಿದಿತ್ತು. ಪಟ್ಟಿಯ ಹಲ್ಲು ಹೋದದ್ದಕ್ಕೆ ಮೇಸ್ತ್ರಿ ಬೈದರು, ಪಟ್ಟಿ ಬದಲಿಸಿಯೂ ಕೊಟ್ಟರು. ನಾನು ಉಳಿಯಿಂದ ಆ ತುಕ್ಕು ಮೊಳೆಯನ್ನು ಕಿತ್ತು ತೆಗೆದೆ. ತೂತಿಗೆ ಮರದ ಪುಡಿ, ಸರೇಸು ಕಲಸಿ ತುಂಬಿದೆ. ಎಷ್ಟು ಉಜ್ಜಿದರೂ ಅಲ್ಲಿ, ಮುಂಭಾಗದಲ್ಲೇ, ಜೋಳದ ಕಾಳಿನಷ್ಟು ಕಪ್ಪು ಉಳಿಯಿತು.

“ಅದು ಮರದ ಗುರುತು, ಇರಲಿ ಬಿಡು,” ಎಂದರು ಮೇಸ್ತ್ರಿ. ಶಿಕಂಜದಲ್ಲಿ ಬಿಗಿದು ಎರಡು ದಿನ ಇಟ್ಟು, ಬಿಚ್ಚಿ, ಅರಗಿನ ಪಾಲಿಶ್ ಕೊಟ್ಟಾಗ ಪೆಟ್ಟಿಗೆ ಬೆಲ್ಲದ ಬಣ್ಣಕ್ಕೆ ಬಂತು. ಖಾನೆ ಎಳೆದರೆ ಉಸಿರು ಬಿಟ್ಟಂತೆ ಬರುತ್ತಿತ್ತು. ಅವ್ವ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹತ್ತು ಸಲ ಎಳೆದಳು, ಹತ್ತು ಸಲ ಮುಚ್ಚಿದಳು.

ಭಾವುಬೀಜದ ದಿನ ಸ್ವಾರಗೇಟಿನಲ್ಲಿ ಬಸ್ಸು ಹಿಡಿದೆ. ಚೀಲದ ಅಡಿಯಲ್ಲಿ ಟವೆಲಿನಲ್ಲಿ ಸುತ್ತಿದ ಪೆಟ್ಟಿಗೆ, ಮೇಲೆ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ. ಮನೆ ಮುಟ್ಟಿದ ಕೂಡಲೇ ಹೋಳಿಗೆಯನ್ನು ತೆಗೆದು ತಂಗಿಯ ಕೈಗೆ ಕೊಟ್ಟು, ಚೀಲವನ್ನು ಬಾಗಿಲ ಹಿಂದಿನ ಗೂಟಕ್ಕೆ ಹಾಕಿದೆ. ಹೊರಡುವಾಗ ಬಾಗಿಲ ಬಳಿ ಅವಳ ಉಡಿಯಲ್ಲಿ ಹಾಕಬೇಕು ಎಂಬುದು ನನ್ನ ಲೆಕ್ಕ.

ಆದರೆ ಅಲ್ಲಿಯ ಕ್ರಮ ಬೇರೆ ಇತ್ತು. ಪಡಸಾಲೆಯ ನಡುವೆ ಮಣೆ, ಸುತ್ತ ರಂಗೋಲಿ. ಅತ್ತೆ, ಅಕ್ಕಪಕ್ಕದ ಹೆಂಗಸರು, ಮಕ್ಕಳು ಎಲ್ಲರೂ ಸುತ್ತ ಕೂತಿದ್ದರು. ಮೊದಲು ತಂಗಿಯ ಗಂಡ ಕೂತ. ಅವನ ತಂಗಿ ಅವನಿಗೆ ಕುಂಕುಮ ಹಚ್ಚಿ ಆರತಿ ಎತ್ತಿದಳು, ಎತ್ತಿದ ತಟ್ಟೆಯನ್ನು ಹಾಗೆಯೇ ಮುಂದೆ ಹಿಡಿದಳು. ಅವನು ಆ ತಟ್ಟೆಯಲ್ಲಿ ಒಂದು ಹಸಿರು ಸೀರೆ ಇಟ್ಟ. ಸೀರೆ ಕೈಯಿಂದ ಕೈಗೆ ಹೋಯಿತು. ಒಬ್ಬಳು ಅಂಚು ನೋಡಿದಳು, ಒಬ್ಬಳು ಸೆರಗು ಬಿಚ್ಚಿದಳು, ಒಬ್ಬಳು ಇದು ಯಾವ ಅಂಗಡಿಯದು ಎಂದು ಕೇಳಿದಳು. ಕೊಡುವುದನ್ನು ಎಲ್ಲರೆದುರು ತಟ್ಟೆಯಲ್ಲಿಯೇ ಇಡಬೇಕು ಎಂದು ನನಗೆ ಆಗಲೇ ತಿಳಿದದ್ದು.

“ಬಸಾ, ಪಾವ್ಹಣೆ,” ಎಂದರು ಅತ್ತೆ. ಕೂಡಿರಿ, ನೆಂಟರೇ. ನಾನು ಮಣೆಯ ಮೇಲೆ ಕೂತೆ.

ತಂಗಿ ನನಗೆ ಆರತಿ ಎತ್ತಿದಳು. ಆಗ ಅತ್ತೆ ನಗುತ್ತಲೇ ಹೇಳಿದರು, “ಇವತ್ತು ನಮಗೆಲ್ಲ ಆ ಪೆಟ್ಟಿಗೆ ನೋಡುವ ಭಾಗ್ಯ. ಒಂದು ತಿಂಗಳಿಂದ ನಮ್ಮ ಸೊಸೆಗೆ ಬೇರೆ ಮಾತೇ ಇಲ್ಲ. ಒಂದೇ ಮರದ್ದಂತೆ, ಒಂದೂ ಮೊಳೆ ಇಲ್ಲವಂತೆ, ಅಣ್ಣ ತನ್ನ ಕೈಯಾರೆ ಮಾಡುತ್ತಿದ್ದಾನಂತೆ.”

“ಮೊಳೆ ಇಲ್ಲದೆ ಪೆಟ್ಟಿಗೆ ಹೇಗೆ ನಿಲ್ಲುತ್ತದೆ? ಮಂತ್ರದಿಂದಲೇ?” ಎಂದಳು ನಾದಿನಿ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ಅವಳ ಕಣ್ಣು ನನ್ನ ಕೈಯ ಮೇಲಿತ್ತು.

ಚೀಲ ಮೂರು ಹೆಜ್ಜೆ ದೂರದಲ್ಲಿತ್ತು. ನನಗೆ ಆ ಕಪ್ಪು ಕಲೆ ಒಂದೇ ನೆನಪಿಗೆ ಬಂತು. ಸೀರೆಯ ಅಂಚನ್ನು ನೋಡಿದ ಹಾಗೆ ಇವರು ಪೆಟ್ಟಿಗೆಯನ್ನೂ ತಿರುಗಿಸಿ ನೋಡುತ್ತಾರೆ. ನಾದಿನಿ ಬೆರಳಿಟ್ಟು ‘ಇಲ್ಲಿದೆಯಲ್ಲ ಮೊಳೆ’ ಎನ್ನುತ್ತಾಳೆ. ವಾಡೆಯ ಮೊಳೆ, ನಾನು ಬಡಿದದ್ದಲ್ಲ ಎಂದು ನನ್ನ ಹರಕು ಮರಾಠಿಯಲ್ಲಿ ಎಷ್ಟು ಹೇಳಿದರೂ ಯಾರು ನಂಬುತ್ತಾರೆ? ಕೂಲಿಯವರ ಮಗ ಹಳೆಯ ಕಟ್ಟಿಗೆಯ ತುಂಡು ತಂದ ಎನ್ನುತ್ತಾರೆ. ಆ ಹೊಳೆಯುವ ಸೀರೆಯ ಪಕ್ಕದಲ್ಲಿ ಅದನ್ನು ಇಡುವ ಧೈರ್ಯ ನನಗೆ ಬರಲಿಲ್ಲ.

“ಅಜೂನ್ ಝಾಲೀ ನಾಹೀ,” ಎಂದೆ. ಇನ್ನೂ ಆಗಿಲ್ಲ.

ಜೇಬಿನಲ್ಲಿ ಸಿಕ್ಕ ನೋಟನ್ನು ತಟ್ಟೆಯಲ್ಲಿ ಹಾಕಿದೆ. ತಟ್ಟೆ ಅಲುಗಾಡಿ ದೀಪದ ಎಣ್ಣೆ ಸ್ವಲ್ಪ ಚೆಲ್ಲಿತು. ತಂಗಿ ಎಲ್ಲರ ಕಡೆ ತಿರುಗಿ ಮರಾಠಿಯಲ್ಲಿ, “ಬರುವ ವರ್ಷ ತಂದೇ ತರುತ್ತಾನೆ, ನೋಡುವಿರಂತೆ,” ಎಂದಳು. ನನಗೆ ಮೆಲ್ಲಗೆ, “ಇರ್ಲಿ ಬಿಡಣ್ಣಾ, ಗಡಿಬಿಡಿ ಮಾಡಿದ್ರ ಕೆಲಸ ಕೆಡ್ತದ,” ಎಂದಳು. ನನ್ನ ಮಾತನ್ನು ಅವಳು ನಂಬಿದ್ದಳು.

ಹೊರಡುವಾಗ ಅವಳೇ ಗೂಟದಿಂದ ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದಳು. ನಾನು ಕೇಳಿದರೂ ಕೊಡಲಿಲ್ಲ.

“ಏನಣ್ಣಾ, ಖಾಲಿ ಚೀಲ ಇಷ್ಟ್ಯಾಕ ಭಾರ ಅದ?”

“ಕೆಲಸದ ಹತ್ಯಾರ ಅದಾವ,” ಎಂದೆ.

ಆಗಲಾದರೂ ಕೊಡಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ಆದರೆ ಕೊಟ್ಟರೆ ಅವಳು ಅದನ್ನು ಹಿಡಿದು ಮನೆಗೆ ಹೋಗಿ ಏನೆಂದು ಹೇಳಬೇಕು? ಅಣ್ಣ ಎಲ್ಲರೆದುರು ಸುಳ್ಳು ಹೇಳಿದ ಎಂದೇ? ನನ್ನ ಮಾನ ಉಳಿಯಲಿ ಎಂದು ಯೋಚಿಸಿದೆನೇ ಹೊರತು ಅವಳ ಮಾನದ ಯೋಚನೆ ಬರಲಿಲ್ಲ. ಬಸ್ಸು ಹೊರಟಿತು. ಅವಳು ಕೈ ಬೀಸುತ್ತ ನಿಂತಿದ್ದಳು.

ಮೇಸ್ತ್ರಿ ಕೇಳಿದಾಗ ತಂಗಿಗೆ ಭಾಳ ಹಿಡಿಸಿತು ಎಂದೆ. ಅವ್ವನಿಗೂ ಹಾಗೇ ಹೇಳಿ, ಪೆಟ್ಟಿಗೆಯನ್ನು ನನ್ನ ಟ್ರಂಕಿನ ಹಿಂದೆ ಅಡಗಿಸಿಟ್ಟೆ. ಮಳೆಗಾಲದಲ್ಲಿ ಕೋಣೆಯ ಗೋಡೆ ನೀರು ಜಿನುಗಿಸುತ್ತಿತ್ತು. ನೀರಿಗೆ ಸರೇಸು ತಾಳುವುದಿಲ್ಲ. ಒಂದು ದಿನ ತೆಗೆದು ನೋಡಿದರೆ ಬೆನ್ನು ಬೇರೆ, ಖಾನೆಯ ಮುಖ ಬೇರೆ ಆಗಿ ಬಿದ್ದಿದ್ದವು. ಮತ್ತೆ ಅಂಟಿಸಿದ್ದರೆ ಮೊದಲಿನಂತೆಯೇ ಆಗುತ್ತಿತ್ತು. ನಾನು ಅಂಟಿಸಲಿಲ್ಲ. ಅವ್ವ ನೀರಿಗೆ ಹೋದ ಹೊತ್ತು ನೋಡಿ ಸ್ನಾನದ ನೀರು ಕಾಯಿಸುವ ಬಂಬಿನಲ್ಲಿ ಹಾಕಿದೆ. ಹಳೆಯ ಸಾಗವಾನಿ ಚೆನ್ನಾಗಿ ಉರಿಯಿತು. ಆ ವರ್ಷದ ಭಾವುಬೀಜಕ್ಕೆ ಒಂದು ಸೀರೆ ಒಯ್ದೆ. ಪೆಟ್ಟಿಗೆಯ ಮರ ಸೀಳಿಹೋಯಿತು ಎಂದೆ. ತಂಗಿ ಮತ್ತೆ ಕೇಳಲಿಲ್ಲ.

ಇದಕ್ಕಿಂತ ಹೇಳಲು ನಾಚಿಕೆಯಾಗುವ ಸಂಗತಿ ಇನ್ನೊಂದಿದೆ. ಮೇಸ್ತ್ರಿ ನನ್ನ ಕೈಕೆಲಸವನ್ನು ಮಾಲಕರ ಮುಂದೆ ಹೊಗಳಿದ್ದರು. ಮಾಲಕರು ಅಂತಹ ಪೆಟ್ಟಿಗೆಗಳನ್ನು ಅಂಗಡಿಗೆ ಮಾಡಿಸಿದರು. ಎಲೆಯ ಆಕಾರದ್ದು, ಮೀನಿನ ಆಕಾರದ್ದು, ಎರಡು ಖಾನೆಯದು, ಮೂರು ಖಾನೆಯದು, ಎಷ್ಟು ಮಾಡಿದೆನೋ ನೆನಪಿಲ್ಲ. ಗುರುತಿಲ್ಲದವರ ಮನೆಗಳಿಗೆಲ್ಲ ಹೋದವು. ಭೋರ್‌ಗೆ ಒಂದೂ ಹೋಗಲಿಲ್ಲ. ಪ್ರತಿ ದೀಪಾವಳಿಗೂ ಒಂದನ್ನು ತೆಗೆದಿಡಬೇಕು ಅನ್ನಿಸುತ್ತಿತ್ತು. ಒಯ್ದರೆ ಹಳೆಯ ಮಾತು ಏಳುತ್ತದೆ ಎಂದು ಹೆದರಿ ಸೀರೆಯನ್ನೇ ಒಯ್ಯುತ್ತಿದ್ದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನನಗೂ ಲಗ್ನವಾಗಿತ್ತು. ತಂಗಿಯ ಮಗಳು ನಾಲ್ಕನೇ ಇಯತ್ತೆ ಮುಗಿಸಿ ಬೇಸಿಗೆ ರಜೆಗೆ ಕೊಂಢವಾಕ್ಕೆ ಬಂದಿದ್ದಳು. ಚುರುಕು ಹುಡುಗಿ. ಅರ್ಧ ಮರಾಠಿ, ಅರ್ಧ ತಾಯಿಯಿಂದ ಕಲಿತ ಕನ್ನಡ. ಒಂದು ಬೆಳಿಗ್ಗೆ ನಾನು ಅವಳಿಗೆ, “ರವಿವಾರ ಜೇಜುರಿಗೆ ಹೋಗೂಣು. ಅಲ್ಲಿ ಭಂಡಾರ ಹಾರ್ಸಿ ಹಾರ್ಸಿ ಇಡೀ ಗುಡ್ಡ ಬಂಗಾರದಂಗ ಹಳದಿ ಆಗಿರ್ತದ. ನಿನ್ನ ಕೂದ್ಲಾನೂ ಬಂಗಾರ ಆಗ್ತಾವ,” ಎಂದೆ.

ಹುಡುಗಿ ಕಿಲಕಿಲ ನಕ್ಕು, “ಬಿನ್ ಖಿಳ್ಯಾಚಿ ಪೇಟಿ!” ಎಂದಳು.

ಮೊಳೆ ಇಲ್ಲದ ಪೆಟ್ಟಿಗೆ. ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು.

“ಹಂಗಂದ್ರೇನವ್ವಾ?”

“ಗೊತ್ತಿಲ್ಲೇನು ಮಾಮಾ? ಯಾರರ ದೊಡ್ಡ ಬಂಡಲ್ ಬಿಟ್ರ ಹಂಗ ಅನ್ನೂದು. ನಮ್ಮನ್ಯಾಗ ಎಲ್ಲಾರೂ ಅಂತಾರ. ಅಜ್ಜಿ ಅಂತೂ ಆಯಿಗಿ ದಿನಾ ಅಂತಾಳ.”

“ನಿಮ್ಮ ಅವ್ವಗ ಸಿಟ್ಟ ಬರೂದಿಲ್ಲೇನು?”

“ಇಲ್ಲ. ನಗ್ತಾಳ. ಆಮ್ಯಾಲ ಒಳಗ ಹೋಗ್ತಾಳ.” ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ ಅವಳೇ ಮುಂದುವರಿಸಿದಳು, “ನಮ್ಮ ಬಾಯಿ ಅದಾರಲ್ಲ, ಸಾಳ್ಯಾಗ ಕಲಸೂ ಟೀಚರ್, ಅವ್ರು ಆಯಿನ್ನ ಕರ್ಸಿ ನನ್ನ ಸ್ಕಾಲರ್ಶಿಪ್ ಪರೀಕ್ಷಾಕ್ಕ ಕೂಡಸ್ರಿ, ಹುಡುಗಿ ಭಾಳ ಹುಶಾರ್ ಅದಾಳ ಅಂದಿದ್ರು. ಆಯಿ ಮನಿಗಿ ಬಂದು ಹೇಳಿದ್ಲು. ಅಜ್ಜಿ ಬಿನ್ ಖಿಳ್ಯಾಚಿ ಪೇಟಿ ಅಂದ್ಲು, ಬಾಬಾನೂ ನಕ್ಕ. ಫಾರಂ ತುಂಬೂ ದಿನ ಆಗಿ ಹೋತು.”

ಅವಳಿಗೆ ಅದು ನಗೆಯ ಕಥೆ. ನಾನು ಎದ್ದು ಹೊರಗೆ ಹೋಗಿ ನಿಂತೆ. ಹನ್ನೊಂದು ವರ್ಷ ಆ ಮನೆಗೆ ಹೋಗಿ ಬಂದಿದ್ದೇನೆ. ಬಂದ ನೆಂಟನ ಎದುರು ಆಡಬಾರದೆಂದು ಯಾರೂ ಆ ಮಾತು ಆಡಿರಲಿಲ್ಲ. ತಂಗಿಯೂ ಹೇಳಿರಲಿಲ್ಲ. ನಾನು ಒಂದು ಕಪ್ಪು ಕಲೆಗೆ ಹೆದರಿ ಆಡಿದ ಸುಳ್ಳು ಅವಳ ಹೆಸರಿಗೆ ಅಂಟಿ, ಅವಳು ನಿಜ ಹೇಳಿದರೂ ನಂಬದಂತೆ ಮಾಡಿತ್ತು. ಈಗ ಅದು ಅವಳ ಮಗಳವರೆಗೂ ಬಂದಿತ್ತು.

ಹುಡುಗಿಯನ್ನು ತಿರುಗಿ ಬಿಡಲು ನಾನೇ ಭೋರ್‌ಗೆ ಹೋದೆ. ಕಾರಖಾನೆಯಲ್ಲಿ ಮಾಡಿಟ್ಟ ಒಳ್ಳೆಯ ಪೆಟ್ಟಿಗೆಗಳಿದ್ದವು, ಒಂದನ್ನೂ ಒಯ್ಯಲಿಲ್ಲ. ಒಯ್ದರೆ ಅದನ್ನೇ ಮುಂದಿಟ್ಟು ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು.

ಮಧ್ಯಾಹ್ನದ ಹೊತ್ತು. ತಂಗಿಯ ಗಂಡ ಅಂಗಡಿಯಿಂದ ಊಟಕ್ಕೆ ಬಂದಿದ್ದ. ಅತ್ತೆ ಗೋಡೆಗೆ ಒರಗಿ ಅಡಕೆ ಕತ್ತರಿಸುತ್ತಿದ್ದರು. ತಂಗಿ ನೀರಿನ ತಂಬಿಗೆ ತಂದಿಟ್ಟಳು.

“ಮಾವಶೀ,” ಎಂದೆ ಅತ್ತೆಗೆ ಮರಾಠಿಯಲ್ಲಿ, “ಮೊಳೆ ಇಲ್ಲದ ಪೆಟ್ಟಿಗೆಯ ಮಾತು ಆಡಲು ಬಂದಿದ್ದೇನೆ.”

ತಂಗಿಯ ಮುಖ ಬಿಳಿಚಿತು. “ಅಣ್ಣಾ, ಈಗ ಅದೆಲ್ಲಾ ಯಾಕ? ಉಣ್ಣೇಳು,” ಎಂದಳು ಕನ್ನಡದಲ್ಲಿ.

ಅತ್ತೆ ಗದರುವಂತೆ ಮೊಮ್ಮಗಳನ್ನು ನೋಡಿದರು. ಆಮೇಲೆ, “ಹುಡುಗಿ ಹೇಳಿತೇ? ಮನೆಯೊಳಗಿನ ಚೇಷ್ಟೆ ಅದು, ಪಾವ್ಹಣೆ. ಆಗದ ಮಾತಿಗೆ ಹಾಗೆ ಅನ್ನುತ್ತೇವೆ,” ಎಂದರು.

“ಆಗದ ಮಾತಲ್ಲ, ಆಗುತ್ತದೆ. ಒಂದು ಬಟಾಟೆ ಕೊಡಿ.”

ಹುಡುಗಿ ಓಡಿಹೋಗಿ ಬಟಾಟೆ, ಚಾಕು ತಂದಳು. ನಾನು ನೆಲದ ಮೇಲೆ ಕೂತು ಬಟಾಟೆಯ ಬದಿಗಳನ್ನು ಸವರಿ ಚೌಕ ಮಾಡಿದೆ. ಬೆನ್ನು ಸೀಳಿ ಪಕ್ಕಕ್ಕಿಟ್ಟೆ. ಬದಿಯಿಂದ ಚಾಕು ಒಳಬಿಟ್ಟು ಹೊಟ್ಟೆಯನ್ನು ಸುತ್ತಿ ತೆಗೆದೆ, ಅದರ ಮುಂದು ಹಿಂದು ಸೀಳಿದೆ, ನಡುವನ್ನು ತೋಡಿದೆ, ಎಲ್ಲವನ್ನೂ ಮತ್ತೆ ಅದರದರ ಜಾಗಕ್ಕೆ ಒತ್ತಿ ಹಿಡಿದು ಅತ್ತೆಯ ಮುಂದೆ ಚಾಚಿದೆ. ಅವರು ಅಡಕೊತ್ತು ಕೆಳಗಿಟ್ಟು ಉಗುರಿನಿಂದ ಎಳೆದರು. ಬಟಾಟೆಯ ಖಾನೆ ಹೊರಗೆ ಬಂತು.

“ಅಗ್ಗಬಾಯಿ!” ಎಂದರು. ಮತ್ತೊಮ್ಮೆ ಎಳೆದು, ಮುಚ್ಚಿ ನೋಡಿದರು. ಆಮೇಲೆ ನನ್ನ ಮುಖ ನೋಡಿ, “ಬಟಾಟೆಯಲ್ಲಿ ಆಯಿತು, ಸರಿ. ಮರದ್ದು ಎಲ್ಲಿ? ಅವತ್ತು ನೀವೇ ಅಲ್ಲವೇ ಆಗಿಲ್ಲ ಎಂದದ್ದು?” ಎಂದು ಕೇಳಿದರು.

“ಆಗಿತ್ತು, ಮಾವಶೀ. ಆ ಬಾಗಿಲ ಹಿಂದೆ ನನ್ನ ಚೀಲದಲ್ಲಿತ್ತು. ಅದರ ಮೇಲೊಂದು ಕಲೆ ಇತ್ತು. ನೀವೆಲ್ಲ ನಗುತ್ತೀರಿ ಎಂದು ಹೆದರಿ ಆಗಿಲ್ಲ ಎಂದೆ. ಆಮೇಲೆ ನಾನೇ ಅದನ್ನು ಸುಟ್ಟೆ.”

ತಂಗಿಯ ಗಂಡ ತಲೆ ತಗ್ಗಿಸಿದ. ತಂಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣಿನಲ್ಲಿ ನೀರು ಇರಲಿಲ್ಲ. ಹನ್ನೊಂದು ವರ್ಷದ ಯಾವುದೋ ಲೆಕ್ಕವನ್ನು ಒಳಗೇ ತಿರುಗಿ ನೋಡುತ್ತಿರುವವಳಂತೆ ನನ್ನನ್ನೇ ದಿಟ್ಟಿಸುತ್ತಿದ್ದಳು.

“ಆ ಚೀಲಾ ಬಸ್‌ಸ್ಟ್ಯಾಂಡಿನ ತನಕಾ ನಾನ ಹೊತ್ತಿದ್ದೆ,” ಎಂದಳು.

ಅವಳು ಹೇಳಿದ್ದು ಅಷ್ಟೇ. ಅವಳಿಗಿಂತ ದೊಡ್ಡವನು ನಾನು. ನಮ್ಮಲ್ಲಿ ಹಿರಿಯರು ಕಿರಿಯರ ಮುಂದೆ ಹೀಗೆ ನಿಲ್ಲುವುದಿಲ್ಲ. ನಾನು ಎದ್ದು ಅವಳ ಎದುರು ಹೋಗಿ ನಿಂತೆ. ಮನೆಯವರಿಗೆಲ್ಲ ತಿಳಿಯಲಿ ಎಂದು ಮೊದಲು ಮರಾಠಿಯಲ್ಲಿ, ಆಮೇಲೆ ಅವಳಿಗೆಂದು ನಮ್ಮ ಮಾತಿನಲ್ಲಿ, ಗಟ್ಟಿಯಾಗಿ ಹೇಳಿದೆ:

“ನೀ ಸುಳ್ಳ ಹೇಳಿರ್ಲಿಲ್ಲ ತಂಗೆವ್ವಾ. ಸುಳ್ಳ ಹೇಳಿದಾಂವ ನಾ. ನನ್ನ ಮಾರಿ ಉಳಿಸ್ಕೊಳ್ಳಾಕ ಹೋಗಿ ನಿನ್ನ ಮಾತು ಕಳದೆ. ನಂದ ತಪ್ಪು, ಎಲ್ಲಾ ನಂದ ತಪ್ಪು. ನನ್ನ ಮಾಫ್ ಮಾಡವ್ವಾ.”